ಗೇರ್ ಬಿದ್ದದ್ದು ಕೇಳಿಸಲಿಲ್ಲ

ಫೆಬ್ರವರಿ 3, ಸೋಮವಾರ

ಇವತ್ತೂ ಹಲ್ಲಿನ ಲ್ಯಾಬಿಗೆ ಲೇಟ್. ಮೇಡಂ ಗಡಿಯಾರದ ಕಡೆ ನೋಡಿದರು ಅಷ್ಟೆ. ಬೈದಿದ್ದರೇ ವಾಸಿ ಇತ್ತು. ಒಂದು ಮೇಲ್ದವಡೆ ಹಲ್ಲಿನ ಸೆಟ್ಟು ಹನ್ನೊಂದಕ್ಕೆ ಡಾಕ್ಟರ ಕೈಗೆ ಸೇರಬೇಕಿತ್ತು, ಪಾಲಿಶ್ ಕೂಡ ಆಗಿರಲಿಲ್ಲ. ಯಾರೋ ಪಾಪ ಬರಿ ಬಾಯಲ್ಲಿ ಕ್ಲಿನಿಕ್ಕಿನಲ್ಲಿ ಕಾದು ಕೂತಿದ್ದಿರಬೇಕು.

ಬೆಳಿಗ್ಗೆ ಅದೇ ರಾಮಾಯಣ. ಅಪ್ಪನನ್ನು ಟಿವಿ ಮುಂದೆ ಕೂರಿಸಿ ಕಳ್ಳಿಯ ಹಾಗೆ ಮೆಟ್ಟಿಲಿಳಿದೆ. ಕೆಳಗಿನ ಪಾರ್ಕಿಂಗ್‌ನಲ್ಲಿ ಆಗಲೇ ಐದಾರು ಬೈಕ್ ಗುರುಗುಡುತ್ತಿದ್ದವು. ಅದರ ನಡುವೆ ನನ್ನದೂ ಒಂದು, ಯಾರಿಗೆ ಗೊತ್ತಾಗಬೇಕು? ಕ್ಲಚ್ ಹಿಡಿದು ಫಸ್ಟ್ ಗೇರ್ ಹಾಕಿದೆ — ಟಕ್. ಬಿಟ್ಟೆ — ಕುಂಯ್… ಮೇಲೆ ಬಾಗಿಲು ತೆರೆದೇಬಿಟ್ಟಿತು. ಅಪ್ಪ. ಒಂದು ಕಾಲಿಗೆ ಶೂ, ಇನ್ನೊಂದಕ್ಕೆ ಬರೀ ಸಾಕ್ಸ್. ಕಂಬಿ ಹಿಡಿಯದೆ ದಡದಡ ಇಳಿದು ಬಂದು ಹಿಂದಿನ ಕ್ಯಾರಿಯರ್ ಹಿಡಿದುಕೊಂಡರು.

"ತಡಿ ಪುಟ್ಟಿ, ನಾನೂ ಬರ್ತೀನಿ. ಹುಡುಗರು ಕಾಯ್ತಿರ್ತಾರೆ."

ಯಾವ ಹುಡುಗರು. ಅಪ್ಪನ ಡ್ರೈವಿಂಗ್ ಸ್ಕೂಲ್ ಮುಚ್ಚಿ ಎಷ್ಟು ಕಾಲವಾಯಿತು. ಆ ಜಾಗದಲ್ಲಿ ಈಗ ಚಪ್ಪಲಿ ಅಂಗಡಿ. ಅರ್ಧ ಊರಿಗೆ ಬೈಕ್ ಕಲಿಸಿದ ಮನುಷ್ಯನಿಗೆ ಅದೊಂದೇ ನೆನಪಿಲ್ಲ.

ಲೈಸೆನ್ಸಮ್ಮ ಇನ್ನೊಂದು ಶೂ ಹಿಡಿದು ಹಿಂದೆಯೇ ಬಂದರು. ಹಗಲು ಅಪ್ಪನನ್ನು ನೋಡಿಕೊಳ್ಳುವವರು. ಲೈಸೆನ್ಸ್ ಮಾಡಿಸಿಕೊಳ್ಳಲು ಬಂದ ಹೆಂಗಸು ಅಂತ ಅಪ್ಪ ತಿಳಿದಿದ್ದಾರೆ, ಹಾಗಾಗಿ ಆ ಹೆಸರು. ಇಬ್ಬರೂ ಸೇರಿ ಅಪ್ಪನ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

ಬೆರಳು ಬಿಡಿಸುವುದು — ಅದೇ ಕಷ್ಟ.

ಫೆಬ್ರವರಿ 5, ಬುಧವಾರ

ಇವತ್ತು ಅಪ್ಪ ಕಡೇ ಮೆಟ್ಟಿಲಲ್ಲಿ ಜಾರಿದರು. ಮೊಣಕಾಲು ತರಚಿತು, ಹೆಚ್ಚೇನಿಲ್ಲ.

ಸಂಜೆ ಡೆಟಾಲ್ ಹಚ್ಚುತ್ತ ಕೇಳಿದೆ: "ಅಪ್ಪ, ಕೆಳಗೆ ಅಷ್ಟು ಬೈಕ್ ಇರತ್ತೆ. ನಂದೇ ಅಂತ ಹೇಗೆ ಗೊತ್ತಾಗತ್ತೆ?"

ನಕ್ಕರು. "ಎಂಜಿನ್ ಸದ್ದು ಎಲ್ಲದಕ್ಕೂ ಒಂದೇ. ಗೇರ್ ಸದ್ದು ಮನುಷ್ಯರ ಕೆಮ್ಮಿನ ಹಾಗೆ. ಪಕ್ಕದ ರೂಮಲ್ಲಿ ಕೆಮ್ಮಿದ್ರೂ ಯಾರು ಅಂತ ಗೊತ್ತಾಗಲ್ವಾ?"

ಗೊತ್ತಾಗುತ್ತದೆ.

ಆಗ ಹೊಳೆಯಿತು. ಹೊಳೆಯಬಾರದಿತ್ತು. ಕೆಮ್ಮಿಗೆ ಔಷಧ ಇದೆಯಲ್ಲ.

ಫೆಬ್ರವರಿ 8, ಶನಿವಾರ

ಗ್ಯಾರೇಜಿಗೆ ಹೋಗಿ ಕೇಳಬಹುದಿತ್ತು. ಹೋಗಲಿಲ್ಲ. ಅಪ್ಪನನ್ನೇ ಕೇಳಿದೆ. ಇವತ್ತು ಅವರ ತಲೆ ತಿಳಿಯಾಗಿತ್ತು. ಅದನ್ನು ನೋಡಿಕೊಂಡೇ ಕೇಳಿದೆ.

"ಗೇರ್ ಬಾಕ್ಸ್ ಸದ್ದು ಜಾಸ್ತಿ ಆಗಿದೆ ಅಪ್ಪ. ಯಾವ ಆಯಿಲ್ ಹಾಕ್ಲಿ?"

ಕುರ್ಚಿಯಲ್ಲಿ ನೆಟ್ಟಗಾದರು. "ಈಗ ಯಾವ್ದಿದೆ?"

"ಹೋದ ಸಲ ಗ್ಯಾರೇಜಲ್ಲಿ ಎಂಜಿನ್ ಆಯಿಲೇ ಅದಕ್ಕೂ ಹಾಕಿದ್ರು."

"ಅದೇ ಮತ್ತೆ. ಈ ಗಾಡಿಗೆ ಎಂಜಿನ್ ಬೇರೆ, ಗೇರ್ ಬಾಕ್ಸ್ ಬೇರೆ. ಇಬ್ಬರಿಗೂ ಒಂದೇ ಊಟ ಹಾಕಿದ್ರೆ ಆಗತ್ತಾ? ಅದು ತೆಳು. ಹಲ್ಲಿಗೂ ಹಲ್ಲಿಗೂ ಮಧ್ಯೆ ಪದರ ನಿಲ್ಲಲ್ಲ. ಹಲ್ಲು ಮಸೀತಾ ಇದೆ, ಅದಕ್ಕೇ ಕುಂಯ್ ಅನ್ನೋದು." ಬೆರಳುಗಳನ್ನು ಒಂದರೊಳಗೊಂದು ಸೇರಿಸಿ ತಿರುಗಿಸಿ ತೋರಿಸಿದರು. "ತೊಂಬತ್ತರ ಗ್ರೇಡಿನ ಗೇರ್ ಆಯಿಲ್ ತಗೊಂಬಾ. ಡಬ್ಬಿ ಮೇಲೆ ಜಿಎಲ್ ನಾಲ್ಕು ಅಂತ ಇರ್ಬೇಕು. ಐದು ಇನ್ನೂ ಒಳ್ಳೇದು ಅಂತ ಅಂಗಡಿಯವನು ಹೇಳ್ತಾನೆ, ಕೇಳ್ಬೇಡ. ಅದರಲ್ಲಿರೋ ಮದ್ದು ಒಳಗಿನ ಹಿತ್ತಾಳೆ ತಿನ್ನತ್ತೆ."

"ತೊಂಬತ್ತಕ್ಕಿಂತ ದಪ್ಪ ಹಾಕಿದ್ರೆ? ಸದ್ದು ಇನ್ನೂ ಕಮ್ಮಿ ಆಗಲ್ವಾ?"

"ಆಗತ್ತೆ. ಆದ್ರೆ ಬೆಳಿಗ್ಗೆ ಚಳಿಲಿ ಗೇರೇ ಬೀಳಲ್ಲ. ದುರಾಸೆ ಬೇಡ."

"ಮತ್ತೆ ಆ ಟಕ್ ಅನ್ನೋದು?"

"ಅದು ಎಣ್ಣೆ ತಪ್ಪಲ್ಲ ಪುಟ್ಟಿ. ಕ್ಲಚ್ ಪೂರ್ತಿ ಬಿಡ್ತಿಲ್ಲ. ಕೇಬಲ್ ಸ್ವಲ್ಪ ಬಿಗಿ ಮಾಡಿದ್ರೆ ಆಯ್ತು." ಆಮೇಲೆ ನನ್ನ ಮುಖ ನೋಡಿದರು. "ಏನು ಇದ್ದಕ್ಕಿದ್ದ ಹಾಗೆ?"

"ಅಕ್ಕಪಕ್ಕದೋರಿಗೆ ತೊಂದ್ರೆ ಆಗ್ತಿದೆ ಅಪ್ಪ."

ತಲೆಯಾಡಿಸಿದರು. ಪರರಿಗೆ ತೊಂದರೆ ಅಂದರೆ ಅಪ್ಪ ಮುಂದೆ ಕೇಳುವವರೇ ಅಲ್ಲ. ಅದೂ ನನಗೆ ಗೊತ್ತಿತ್ತು.

ಫೆಬ್ರವರಿ 9, ಭಾನುವಾರ

ಕೆಳಗೆ ಹಳೇ ಪೇಪರ್ ಹಾಸಿ ಅಪ್ಪನಿಗೆ ಮಣೆ ಹಾಕಿಕೊಟ್ಟೆ. ಮೊದಲು ಒಂದು ಸುತ್ತು ಓಡಿಸಿಕೊಂಡು ಬಾ ಅಂದರು, ಎಣ್ಣೆ ಬಿಸಿಯಾದರೆ ಪೂರ್ತಿ ಇಳಿಯುತ್ತದೆ. ಇಳಿಯಿತು — ಕಷಾಯದ ಹಾಗೆ ಕಪ್ಪು. ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ, ಬೆಳಕಿಗೆ ಹಿಡಿದು ನೋಡಿದರು. ಸಣ್ಣಗೆ ಮಿನುಗುತ್ತಿತ್ತು. "ನೋಡು, ಹಲ್ಲಿನ ಪುಡಿ."

ಹೊಸ ಎಣ್ಣೆ ಜೇನಿನಂತೆ, ಆದರೆ ವಾಸನೆ ಕೊಳೆತ ಈರುಳ್ಳಿಯದು. ಪಕ್ಕದ ತೂತಿನಿಂದ ತೊಟ್ಟಿಕ್ಕುವ ತನಕ ತುಂಬಿಸಿ, ಸಾಕು ಅಂದರು. ಬೋಲ್ಟಿಗೆ ಹೊಸ ವಾಷರ್. ಕ್ಲಚ್ ಕೇಬಲನ್ನು ಅವರೇ ಬಿಗಿ ಮಾಡಿದರು. ಅಂಗಿಯ ಗುಂಡಿ ಹಾಕಿಕೊಳ್ಳಲು ತಡವರಿಸುವ ಕೈ ಸ್ಪ್ಯಾನರ್ ಹಿಡಿದಾಗ ತಡವರಿಸಲಿಲ್ಲ.

ಗಾಡಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಸ್ಟಾರ್ಟ್ ಮಾಡಿದೆ. ಅಪ್ಪ ಹತ್ತಿ ಕೂತು ಒಂದು, ಎರಡು, ಮೂರು, ನಾಲ್ಕು — ಏರಿಸಿ ಇಳಿಸಿದರು. ಎಂಜಿನ್ ಸದ್ದು ಬಿಟ್ಟರೆ ಕಿವಿಗೆ ಏನೂ ಸಿಗಲಿಲ್ಲ.

"ಕೇಳಿಸ್ತಾ?"

"ಇಲ್ಲ ಅಪ್ಪ."

"ಬೆಣ್ಣೇಲಿ ಕೂದಲು ತೆಗೆದ ಹಾಗೆ." ಮುಖ ಹೊಳೆಯುತ್ತಿತ್ತು. ಕೆಳಗಿನ ಮನೆಯವರು ಹಾದು ಹೋಗುತ್ತ, "ಏನ್ ಮೇಷ್ಟ್ರೇ, ಮತ್ತೆ ಶುರು ಮಾಡಿದ್ರಾ ಸ್ಕೂಲು?" ಅಂದಾಗ ಎದ್ದು ನಿಂತು ಎಣ್ಣೆ ಕೈಯಲ್ಲೇ ಸಲಾಮು ಹೊಡೆದರು. ಮಧ್ಯಾಹ್ನ ಎರಡನೇ ಸಲ ಬಡಿಸಿಕೊಂಡು ಉಂಡರು.

ಇಷ್ಟು ಖುಷಿಯಾಗಿ ಅವರನ್ನು ನೋಡಿ ಯಾವ ಕಾಲವಾಗಿತ್ತೋ. ಅವರ ಕೈಯಿಂದಲೇ ಅವರ ಕಿವಿ ಮುಚ್ಚಿಸಿದೆ.

ಬಿದ್ದು ಸೊಂಟ ಮುರಿದುಕೊಳ್ಳಬಾರದು ಅಂತ ಮಾಡಿದ್ದು. ಅವರ ಒಳ್ಳೆಯದಕ್ಕೆ.

ಮೇಲಿನ ಸಾಲು ಅರ್ಧ ನಿಜ. ಇನ್ನರ್ಧ ಮೇಡಂ ನೋಡುವ ಗಡಿಯಾರ. ಅದೂ ಪೂರ್ತಿ ಅಲ್ಲ… ಆ ಬೆರಳುಗಳನ್ನು ಬಿಡಿಸುವುದು ನನಗೆ ಬೇಡವಾಗಿತ್ತು.

ಫೆಬ್ರವರಿ 10, ಸೋಮವಾರ

ಮೆಟ್ಟಿಲ ಮೇಲೆ ಯಾರೂ ಇಲ್ಲ. ಗೇಟು ದಾಟಿದೆ. ತಿರುವು ದಾಟಿದೆ. ಯಾರೂ ಇಲ್ಲ.

ಲ್ಯಾಬಿಗೆ ಎಲ್ಲರಿಗಿಂತ ಮೊದಲು ಹೋಗಿ ಮೇಣ ಕಾಯಿಸಲು ಇಟ್ಟೆ. ಮಧ್ಯಾಹ್ನ ಎಲ್ಲರ ಜೊತೆ ಕೂತು ಉಂಡೆ, ಯಾವುದೋ ಜೋಕಿಗೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಹಾಯಾಗಿತ್ತು. ಹಾಯಾಗಿತ್ತು ಅಂತ ಬರೆಯಲು ಕೈ ತಡೆಯುತ್ತಿದೆ, ಆದರೆ ಹಾಗೇ ಇತ್ತು.

ಫೆಬ್ರವರಿ 12, ಬುಧವಾರ

ಸಂಜೆ ಬಂದು ಅಪ್ಪನ ಹಿಂದೆ ನಿಂತು ಕರೆದೆ. ಬೆಚ್ಚಿಬಿದ್ದು ಲೋಟ ಕೈಬಿಟ್ಟರು. ಬಂದದ್ದು ಕೇಳಿಸಿಲ್ಲ. ಹೋದದ್ದು ಕೇಳಿಸದ ಮೇಲೆ ಬಂದದ್ದು ಹೇಗೆ ಕೇಳಿಸೀತು.

"ಯಾವಾಗ ಎದ್ದೆ? ಹುಷಾರಾಗಿದೀಯಾ?" ಹಣೆ ಮುಟ್ಟಿ ನೋಡಿದರು.

ಅರ್ಥವಾಗಲಿಲ್ಲ. ಲೈಸೆನ್ಸಮ್ಮ ಅಡುಗೆಮನೆಗೆ ಕರೆದು ಹೇಳಿದರು.

"ಮೂರು ದಿನದಿಂದ ನಿಮ್ಮ ರೂಮಿನ ಬಾಗಿಲ ಹತ್ರಾನೇ ಕೂತಿರ್ತಾರೆ ಕಣಮ್ಮ. ನೀವು ಒಳಗೆ ಮಲಗಿದೀರಿ ಅಂತ. 'ಏಳಮ್ಮ, ಹೊತ್ತಾಯ್ತು' ಅಂತ ತಟ್ಟೋದು, ಆಮೇಲೆ ಸುಮ್ನೆ ಕೂರೋದು. ಕೆಲಸಕ್ಕೆ ಹೋಗಿದಾರೆ ಅಂದ್ರೆ ನನ್ನನ್ನೇ ಗದರಿಸ್ತಾರೆ. 'ಗಾಡಿ ಹೋದ ಸದ್ದೇ ಇಲ್ಲ, ನನಗೇ ಸುಳ್ಳು ಹೇಳ್ತೀಯಾ' ಅಂತ."

ನನ್ನ ರೂಮಿಗೆ ಬೀಗ ಹಾಕಿಯೇ ಹೋಗುತ್ತೇನೆ. ಹಿಂದೊಮ್ಮೆ ಮನೆಗೆ ತಂದಿದ್ದ ಯಾರದೋ ಹಲ್ಲಿನ ಸೆಟ್ಟನ್ನು ಅಪ್ಪ ತಮ್ಮದೆಂದು ಬಾಯಿಗೆ ಹಾಕಿಕೊಂಡು, ಕೊಡುವುದಿಲ್ಲ ಅಂತ ಹಟ ಹಿಡಿದಿದ್ದರು. ಅವತ್ತಿನಿಂದ ಬೀಗ.

ಮುಚ್ಚಿದ ಬಾಗಿಲು. ಹೋಗದ ಗಾಡಿ. ಅವರ ಲೆಕ್ಕದಲ್ಲಿ ತಪ್ಪೇನೂ ಇಲ್ಲ.

ಮೊದಲು ಬೆಳಿಗ್ಗೆ ಒಂದಿಷ್ಟು ಹೊತ್ತು ಅಳುತ್ತಿದ್ದರು, ಆಮೇಲೆ ಮಗಳು ಹೋಗಿದ್ದಾಳೆ, ಸಂಜೆ ಬರುತ್ತಾಳೆ ಅಂತ ಒಂದು ನೆಲೆ ಸಿಗುತ್ತಿತ್ತು. ಈಗ ಅಳುವುದಿಲ್ಲ. ಇಡೀ ದಿನ ಕಾಯುತ್ತಾರೆ.

ಫೆಬ್ರವರಿ 14, ಶುಕ್ರವಾರ

ನಿಲ್ಲಿಸಬೇಕು. ಎದುರು ನಿಂತು ಹೇಳಿಯೇ ಹೋಗಬೇಕು. ಬೀಗವನ್ನಾದರೂ ಹಾಕಬಾರದು.

ಬೆಳಿಗ್ಗೆ ಹಾಗೇ ಅಂದುಕೊಂಡೆ. ಚಪ್ಪಲಿ ಕೈಯಲ್ಲಿ ಹಿಡಿದು ಇಳಿದೆ. ರೂಢಿಯಲ್ಲಿ ಬೀಗವೂ ಹಾಕಿದ್ದೆ ಅಂತ ನೆನಪಾದದ್ದು ಲ್ಯಾಬಿನಲ್ಲಿ.

ಈ ವಾರ ಆರ್ಡರ್ ಜಾಸ್ತಿ. ಮುಂದಿನ ವಾರದಿಂದ.

ಫೆಬ್ರವರಿ 21, ಶುಕ್ರವಾರ. ಆಸ್ಪತ್ರೆ

ಎಕ್ಸ್-ರೇ ಆಗಿದೆ. ಅಪ್ಪನ ಬಲಗಡೆ ಕಾಲರ್ ಬೋನ್ ಮುರಿದಿದೆ. ಆಪರೇಷನ್ ಬೇಡವಂತೆ, ಕೊರಳಿಗೆ ಬಟ್ಟೆಯ ಜೋಳಿಗೆ ಕಟ್ಟಿ ಕೈಯನ್ನು ಅದರಲ್ಲಿ ಇರಿಸಿದ್ದಾರೆ. ಈ ಕಾರಿಡಾರಿನಲ್ಲಿ ಕೂತು ಬಿಲ್ಲಿನ ಹಿಂದೆ ಬರೆಯುತ್ತಿದ್ದೇನೆ. ಮನೆಗೆ ಹೋಗಿ ಅಂಟಿಸುವುದು.

ಬೆಳಿಗ್ಗೆಯಿಂದ ಬಾಗಿಲು ತಟ್ಟಿದ್ದಾರೆ. ಮಗಳು ಓಗೊಡುತ್ತಿಲ್ಲ. ಒಳಗೆ ಏನೋ ಆಗಿಹೋಗಿದೆ ಅಂತ ತೀರ್ಮಾನವಾಗಿದೆ. ಭುಜ ಕೊಟ್ಟು ಗುದ್ದಿದ್ದಾರೆ. ಲೈಸೆನ್ಸಮ್ಮ ಹಿಡಿಯಲು ಹೋದರೆ ಮೊಣಕೈ ಅವರ ಮೂಗಿಗೆ ಬಡಿದಿದೆ. ಬಾಗಿಲು ಬಿಟ್ಟುಕೊಂಡಿದೆ. ಮೂಳೆಯೂ.

ಆಂಬುಲೆನ್ಸಿನವರು ಎತ್ತುವಾಗ, "ನನ್ನನ್ನ ಆಮೇಲೆ ನೋಡಿ, ಮಗಳು ಒಳಗಿದಾಳೆ, ಅವಳನ್ನ ಮೊದಲು ತೆಗೀರಿ" ಅನ್ನುತ್ತಿದ್ದರಂತೆ. ಒಳಗೆ ಖಾಲಿ ಮಂಚ ಕಂಡಿದೆ. ಆದರೂ.

ನಾನು ಓಡಿ ಬಂದಾಗ ಎಡಗೈ ಚಾಚಿ ನನ್ನ ಮುಖ ಸವರಿದರು. "ಇದೀಯಲ್ಲ," ಅಂದರು.

ಡಾಕ್ಟರ್ ಕೇಳಿದರು, ಹೇಗಾಯ್ತು ಅಂತ.

"ಎಡವಿ ಬಿದ್ರು."

ಲೈಸೆನ್ಸಮ್ಮ ಮೂಗಿಗೆ ಬಟ್ಟೆ ಒತ್ತಿಕೊಂಡು ಅಲ್ಲೇ ನಿಂತಿದ್ದರು. ನನ್ನನ್ನು ನೋಡಿದರು.

ಫೆಬ್ರವರಿ 22, ಶನಿವಾರ

ಅಣ್ಣನ ಫೋನ್. ದೂರದ ಊರಿನಿಂದ ಅವನಿಗೆ ಎಲ್ಲವೂ ಸ್ಪಷ್ಟವಾಗಿ ಕಾಣುತ್ತದೆ.

"ಆ ಹೆಂಗಸು ಏನು ಮಾಡ್ತಿದ್ಲು? ನೋಡ್ಕೊಳ್ಳೋಕೆ ತಾನೇ ಇಟ್ಟಿರೋದು? ಫೋನ್ ಹಿಡ್ಕೊಂಡು ಕೂತಿರ್ತಾಳೆ ಅಷ್ಟೆ."

"ಹೂಂ."

"ನೀನೊಬ್ಬಳು ಇಲ್ದಿದ್ರೆ ಅಪ್ಪನ ಗತಿ ಏನು ಪುಟ್ಟಿ? ನಾನು ನೆನೆಸ್ಕೊಳ್ದೇ ಇರೋ ದಿನ ಇಲ್ಲ."

"ಹೂಂ."

"ಇನ್ಮೇಲೆ ಬರೋದು ಬೇಡ ಅಂತ ನಾನೇ ಹೇಳ್ಬಿಡ್ತೀನಿ. ನಿಂಗೆ ದಾಕ್ಷಿಣ್ಯ ಜಾಸ್ತಿ."

ಮೂರನೇ ಸಲವೂ ಹೂಂ ಅಂದೆ.

ಫೆಬ್ರವರಿ 26, ಬುಧವಾರ

ರಜೆ ಹಾಕಿ ಮನೆಯಲ್ಲಿದ್ದೇನೆ. ಬಾಗಿಲಿಲ್ಲದ ರೂಮು. ಪರದೆ ಕಟ್ಟಿದ್ದೇನೆ.

ಅಪ್ಪ ಎರಡೆರಡು ಸಲ ಕೇಳಿದರು: "ಲೈಸೆನ್ಸಿಗೆ ಬರ್ತಿದ್ದ ಹೆಂಗಸು ಎಲ್ಲಿ? ಗಾಡೀಲಿ ಎಂಟು ಹಾಕೋದು ಇನ್ನೂ ಬಂದಿಲ್ಲ ಅವರಿಗೆ. ಟೆಸ್ಟಲ್ಲಿ ಫೇಲ್ ಮಾಡ್ತಾರೆ."

"ಬರ್ತಾರೆ ಅಪ್ಪ."

"ಫೀಸು ಕೊಟ್ಟಿದಾರಮ್ಮ. ಅರ್ಧಕ್ಕೆ ಬಿಡೋದು ತಪ್ಪು."

ಮೂಗಿಗೆ ಪೆಟ್ಟು ತಿಂದದ್ದು ಆಕೆ, ಕೆಲಸ ಕಳೆದುಕೊಂಡದ್ದು ಆಕೆ. ಪುಣ್ಯ ಬಂದದ್ದು ನನಗೆ. ಕೆಳಗಿನ ಮನೆಯವರ ಹೆಂಡತಿ ಇವತ್ತು ಬಂದು, "ಹೆಣ್ಣುಮಕ್ಕಳಿದ್ರೆ ನಿಮ್ಮಂಥೋರು ಇರ್ಬೇಕು" ಅಂದು ಹೋದರು. ಹಣ್ಣು ಕೊಟ್ಟು ಹೋದರು. ತಿನ್ನಲಾಗಲಿಲ್ಲ.

ಮಾರ್ಚ್ 1, ಶನಿವಾರ

ಲೈಸೆನ್ಸಮ್ಮನ ಮನೆಗೆ ಹೋಗಿ ಬಂದೆ. ಕೆಳಗಿನ ಮನೆಯವರನ್ನು ಅಪ್ಪನ ಹತ್ತಿರ ಕೂರಿಸಿ ನಡೆದೇ ಹೋದೆ. ಬೈಕ್ ಹತ್ತಲು ಮನಸ್ಸಾಗಲಿಲ್ಲ.

ಲೈಸೆನ್ಸಮ್ಮನದು ಒಂದೇ ಕೋಣೆ. ಬಟ್ಟೆ ಇಸ್ತ್ರಿ ಮಾಡುತ್ತಿದ್ದರು. ಮೂಗಿನ ಬುಡದಲ್ಲಿ ಇನ್ನೂ ಹಸಿರು ಕಲೆ. ಕೂತ್ಕೊಳ್ಳಿ ಅನ್ನಲಿಲ್ಲ. ನಿಂತುಕೊಂಡೇ ಎಲ್ಲ ಹೇಳಿದೆ. ಎಣ್ಣೆ ಬದಲಿಸಿದ್ದು ಯಾಕೆ ಅಂತ. ಆಸ್ಪತ್ರೆಯಲ್ಲಿ ಹೇಳಿದ ಸುಳ್ಳು. ಅಣ್ಣನಿಗೆ ಅಂದ ಹೂಂ.

ಇಸ್ತ್ರಿ ಪೆಟ್ಟಿಗೆಯನ್ನು ನಿಲ್ಲಿಸಿಟ್ಟರು.

"ನಾನೂ ಎರಡು ಸಲ ಆ ಬಾಗಿಲಿಗೆ ಕಿವಿ ಇಟ್ಟು ನೋಡಿದೆ ಗೊತ್ತಾ? ನೀವು ನಿಜವಾಗ್ಲೂ ಒಳಗಿದೀರೇನೋ ಅಂತ. ಅಷ್ಟು ನಂಬಿಸಿಬಿಟ್ಟಿದ್ರು ನಿಮ್ಮಪ್ಪ. ನನ್ನ ತಲೇನೇ ಕೆಟ್ಟಿದೆ ಅಂದ್ಕೊಂಡೆ."

"ತಪ್ಪಾಯ್ತು."

"ನಿಮ್ಮಣ್ಣ ಫೋನಲ್ಲಿ ಏನೇನಂದ್ರು, ಗೊತ್ತಾ?"

"ಇಲ್ಲ."

"ಗೊತ್ತಾಗೋದೂ ಬೇಡ." ಒಂದು ಅಂಗಿಯನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದರು. "ನನ್ನ ಹತ್ರ ಹೇಳಿ ಏನು ಬಂತು? ಅವರ ಹತ್ರ ಹೇಳಿ. ಆಮೇಲೆ ಬೇಕಾದ್ರೆ ಕರೀರಿ."

ಬೀದಿಯಲ್ಲೇ ನಿಂತು ಅಣ್ಣನಿಗೆ ಫೋನ್ ಮಾಡಿದೆ. ಅವನಿಗೆ ಮೊದಲು ಅರ್ಥವೇ ಆಗಲಿಲ್ಲ. ಗಾಡಿಗೆ ಎಣ್ಣೆ ಹಾಕಿದರೆ ಭುಜ ಹೇಗೆ ಮುರಿಯುತ್ತದೆ ಅಂದ. ಮತ್ತೆ ಹೇಳಿದೆ.

"ಯಾವ ಎಣ್ಣೆ ಅಂತ ಅಪ್ಪನ್ನೇ ಕೇಳಿದ್ಯಾ?"

"ಹೂಂ."

ಫೋನ್ ಇಟ್ಟುಬಿಟ್ಟ.

ಸಂಜೆ ಲೈಸೆನ್ಸಮ್ಮನಿಗೆ ಅವನೇ ಫೋನ್ ಮಾಡಿದನಂತೆ. ನನಗೆ ಮಾಡಲಿಲ್ಲ.

ಮಾರ್ಚ್ 4, ಮಂಗಳವಾರ

ಬಂದರು. ಲೈಸೆನ್ಸಮ್ಮ ಹೊಸಿಲಲ್ಲೇ ನಿಂತು ಹೇಳಿದರು: "ಒಂದು ಮಾತು. ಕದ್ದು ಹೋಗೋದು ಇನ್ನಿಲ್ಲ. ಮುಂದೆ ನಿಂತು ಹೇಳಿ, ಬಾಲ್ಕನೀಲಿ ನಿಲ್ಲಿಸಿ, ಅವರ ಕಣ್ಣೆದುರಿಗೇ ಹೋಗಿ. ಅತ್ತರೆ ಅಳ್ಲಿ. ನಾನಿದೀನಿ."

ಅಪ್ಪ ಒಳಗಿನಿಂದ, "ಬಂದ್ರಾ? ಇಷ್ಟು ದಿನ ರಜ ಹಾಕಿದ್ರೆ ಕೈ ಕೂರಲ್ಲ," ಅಂದರು. ಲೈಸೆನ್ಸಮ್ಮ, "ತಪ್ಪಾಯ್ತು ಮೇಷ್ಟ್ರೇ," ಅಂದರು. ಈ ಮನೆಯಲ್ಲಿ ಆ ಮಾತು ಹೇಳಬೇಕಾದವಳು ಇನ್ನೂ ಹೇಳಿರಲಿಲ್ಲ.

ಮಾರ್ಚ್ 6, ಗುರುವಾರ, ಸಂಜೆ

ಅಂಗಡಿಯಿಂದ ತೆಳು ಎಣ್ಣೆ ಒಂದು ಲೀಟರ್ ತಂದೆ. ಮತ್ತೆ ಸದ್ದು ಬರಲಿ ಅಂತ. ಡಬ್ಬಿ ಮೇಜಿನ ಮೇಲಿಟ್ಟು ಟೀ ಮಾಡಿ ಬರುವಷ್ಟರಲ್ಲಿ ಅಪ್ಪ ಎಡಗೈಯಲ್ಲಿ ಅದನ್ನು ಹಿಡಿದು ಓದುತ್ತಿದ್ದರು. ಕಣ್ಣು ತಿಳಿಯಾಗಿತ್ತು.

"ಇದು ಯಾಕೆ ತಂದೆ? ತೊಂಬತ್ತರದ್ದು ಹಾಕಿದ್ವಲ್ಲ."

ನೆನಪಿದೆ. ಅದು ನೆನಪಿದೆ.

"ಗೇರ್ ಬಾಕ್ಸಿಗೆ. ಮತ್ತೆ ಸದ್ದು ಬರ್ಲಿ ಅಂತ."

"ಹುಚ್ಚಾ? ಲೋಕವೆಲ್ಲ ಸದ್ದು ಹೋಗ್ಲಿ ಅನ್ನತ್ತೆ. ಹಲ್ಲು ಸವೆದು ಹೋಗತ್ತೆ."

ಕೂತೆ. ಅವರ ಕಾಲ ಹತ್ತಿರ, ನೆಲದ ಮೇಲೆ.

"ಅಕ್ಕಪಕ್ಕದೋರಿಗೆ ತೊಂದ್ರೆ ಅಂತ ಸುಳ್ಳು ಹೇಳಿದ್ದೆ ಅಪ್ಪ. ಯಾರಿಗೂ ತೊಂದ್ರೆ ಇರ್ಲಿಲ್ಲ. ನಿಮಗೆ ಕೇಳಿಸ್ಬಾರ್ದು ಅಂತ ಹಾಕಿದ್ದು."

"ನನಗಾ?"

"ನೀವು ದಿನಾ ಬರ್ತೀನಿ ಅಂತ ಹಟ ಮಾಡ್ತಿದ್ರಿ. ನಿಮ್ಮ ಕೈ ಬಿಡಿಸಿ ಹೋಗೋಕೆ ನನಗೆ ಆಗ್ತಿರ್ಲಿಲ್ಲ. ನಿಮ್ಮನ್ನೇ ಕೇಳಿ, ನಿಮ್ಮ ಕೈಲೇ ಹಾಕಿಸಿದೆ. ಈ ಭುಜ ಅದರಿಂದಾನೇ."

ಜೋಳಿಗೆಯಲ್ಲಿದ್ದ ಕೈಯನ್ನು ಯಾರದೋ ಕೈ ನೋಡುವ ಹಾಗೆ ನೋಡಿಕೊಂಡರು. ಟೀ ಮೇಲೆ ಕೆನೆ ಕಟ್ಟಿತು.

"ಹೋಗ್ತೀನಿ ಅಂತ ನನಗೆ ಹೇಳ್ಬಹುದಿತ್ತಲ್ಲ ಪುಟ್ಟಿ."

"ಹೇಳ್ತಿದ್ದೆ ಅಪ್ಪ. ಮರೀತೀರಿ."

"ಮರೀತೀನಿ, ಏನೀಗ?" ಸ್ವಲ್ಪ ಸಿಟ್ಟಿತ್ತು ದನಿಯಲ್ಲಿ. ಕ್ಲಾಸಿನಲ್ಲಿ ಹೀಗೇ ಮಾತಾಡುತ್ತಿದ್ದಿರಬೇಕು. "ಕ್ಲಚ್ ಬಿಡೋದನ್ನ ಒಬ್ಬೊಬ್ಬನಿಗೆ ನೂರು ಸಲ ಹೇಳಿದೀನಿ. ಮರೆತ್ರೆ ಇನ್ನೊಂದ್ಸಲ ಹೇಳು."

ಅಷ್ಟೇ. ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, "ಇದನ್ನ ವಾಪಸ್ ಕೊಟ್ಟು ಬಾ," ಅಂದರು. ಆರಿದ ಟೀಯನ್ನೇ ಕುಡಿದರು.

ಅವರ ಮೊಣಕಾಲಿಗೆ ತಲೆ ಇಟ್ಟೆ. ಎಡಗೈ ಸ್ವಲ್ಪ ಹೊತ್ತು ತಲೆಯ ಮೇಲಿತ್ತು.

ಮಾರ್ಚ್ 7, ಶುಕ್ರವಾರ, ಬೆಳಿಗ್ಗೆ

ಇವತ್ತು ಮತ್ತೆ ಲ್ಯಾಬಿಗೆ. ಬಾಲ್ಕನಿಯಲ್ಲಿ ಕುರ್ಚಿ ಹಾಕಿದ್ದೇನೆ. ಲೈಸೆನ್ಸಮ್ಮ ಬಂದಿದ್ದಾರೆ.

ಅಪ್ಪ ಎಲ್ಲ ಮರೆತಿದ್ದಾರೆ. ಎಣ್ಣೆ ಡಬ್ಬಿ ನೋಡಿ, "ಇದು ಯಾರದು?" ಅಂದರು. ನಾನು ಹೇಳಿದ್ದೂ ಇಲ್ಲ, ಅವರು ಅಂದದ್ದೂ ಇಲ್ಲ. ನಿನ್ನೆ ಕ್ಷಮಿಸಿದವರು ಇವತ್ತು ಮನೆಯಲ್ಲಿಲ್ಲ. ಇರುವುದು, ಭುಜ ಯಾಕೆ ನೋಯುತ್ತಿದೆ ಅಂತ ಕೇಳುವವರು.

ಎಡವಿ ಬಿದ್ರಿ ಅಂದುಬಿಡಬಹುದು. ಲೈಸೆನ್ಸಮ್ಮ ಅಡುಗೆಮನೆಯಲ್ಲಿದ್ದಾರೆ, ಕೇಳಿಸುವುದೂ ಇಲ್ಲ. ಎಷ್ಟು ಸುಲಭ.

ಒಂದೇ ಕೈಯಲ್ಲಿ ಶೂ ಹಾಕಿಕೊಳ್ಳಲು ಒದ್ದಾಡುತ್ತಿದ್ದಾರೆ. ಹುಡುಗರು ಕಾಯುತ್ತಿದ್ದಾರಂತೆ. ಲೇಟ್ ಆಗುತ್ತದೆ, ಆಗಲಿ. ಕರೆಯುತ್ತಿದ್ದಾರೆ. ಹೋಗಿ ಪಕ್ಕ ಕೂತು, ಆ ಲೇಸ್ ಬಿಚ್ಚಿ, ಎಣ್ಣೆಯ ವಿಷಯ ಮೊದಲಿನಿಂದ —